ಈಜು ಕಲಿಯುವ ಮಗುವಿಗೆ ಎಂಥ ಉಡುಪು ಬೇಕು?

ಬೇಸಿಗೆ ರಜೆ ಬಂದಿತೆಂದರೆ ಮಕ್ಕಳ ಮನಸ್ಸು ನೀರಿನ ಕಡೆಗೆ ಓಡುತ್ತದೆ. ಹುಬ್ಬಳ್ಳಿ, ಧಾರವಾಡಗಳಲ್ಲಿ ಬಂಧುಗಳಿರುವವರು ಮಕ್ಕಳನ್ನು ಅಲ್ಲಿಯ ಈಜುಕೊಳಕ್ಕೆ ಕಳಿಸುತ್ತಾರೆ. ಹುಲಗೂರು, ಸವಣೂರು ಸುತ್ತಿನ ಮಕ್ಕಳು ಹೊಲದ ಬಾವಿಯಲ್ಲಿ, ಊರ ಕೆರೆಯಲ್ಲಿ, ಹಾನಗಲ್ಲ ಕಡೆಯವರು ವರದಾ ಹೊಳೆಯಲ್ಲಿ ಅಪ್ಪನ ಇಲ್ಲವೇ ಕಾಕಾನ ಕೈಹಿಡಿದು ಕಲಿಯುತ್ತಾರೆ. ಉಡುಪಿನ ಮಾತು ಬಂದಾಗ ಪಾಲಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ಮನ್ಯಾಗಿನ ಹಳೇ ಚಣ್ಣ ಸಾಕಲ್ರೀ ಡಾಕ್ಟ್ರ?”

ಇದು ಸಣ್ಣ ಪ್ರಶ್ನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. 5ರಿಂದ 14 ವರ್ಷದ ಮಕ್ಕಳ ಸಾವಿಗೆ ಇರುವ ಕಾರಣಗಳಲ್ಲಿ ಇದಕ್ಕೆ 3ನೆಯ ಸ್ಥಾನ. ಈಜು ಬಲ್ಲ ಮಗುವಿಗೆ ಈ ಅಪಾಯ ಕಡಿಮೆ. ಆದರೆ ಮಗು ಭಯವಿಲ್ಲದೆ ಕಲಿಯಬೇಕಾದರೆ ಕೈಕಾಲು ಸಲೀಸಾಗಿ ಆಡಬೇಕು. ಅದನ್ನು ಸಾಧಿಸುವುದೂ ಕೆಡಿಸುವುದೂ ಬಹುಪಾಲು ಮೈಮೇಲಿನ ಬಟ್ಟೆಯೇ.

ಒದ್ದೆ ಬಟ್ಟೆ ಮಾಡುವ ಕೆಲಸ

ಹತ್ತಿಯ ಬಟ್ಟೆ ನೀರನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೀರಿದ ನೀರಿನ ಭಾರ ನೀರಿನೊಳಗಿರುವಾಗ ಅಷ್ಟಾಗಿ ತಿಳಿಯುವುದಿಲ್ಲ. ನಿಜವಾದ ತೊಂದರೆ ಬೇರೆ. ಸಡಿಲವಾದ ಬಟ್ಟೆ ಚೀಲದಂತೆ ಉಬ್ಬಿ, ಮಗು ಕೈ ಬೀಸಿದಾಗಲೆಲ್ಲ, ಕಾಲು ಬಡಿದಾಗಲೆಲ್ಲ ಹಿಂದಕ್ಕೆ ಎಳೆಯುತ್ತದೆ. ಒಂದು ಉಸಿರಿನಲ್ಲಿ ಆಗಬೇಕಾದ ಕೆಲಸಕ್ಕೆ ಮೂರು ಉಸಿರು ಬೇಕಾಗುತ್ತದೆ. ದಣಿದ ಮಗು ದಂಡೆ ಹಿಡಿದು ಮೇಲೇರಲು ಹೋದಾಗ ಅದುವರೆಗೆ ತಿಳಿಯದಿದ್ದ ಭಾರವೆಲ್ಲ ಒಮ್ಮೆಲೇ ಮೈಮೇಲೆ ಬೀಳುತ್ತದೆ. ಬಾವಿಯ ಮೆಟ್ಟಿಲು ಹತ್ತುವಾಗ ಮಕ್ಕಳು ಜಾರುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಸಂಗತಿ ಚಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಸೆಳೆದುಕೊಳ್ಳುತ್ತದೆ. ಸಣ್ಣ ಮಕ್ಕಳು ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತಾರೆ. ಹೊರಗೆ ಬಂದ ಮೇಲೂ ಒದ್ದೆ ಬಟ್ಟೆಯಲ್ಲೇ ಗಾಳಿಗೆ ನಿಂತರೆ ನಡುಕ ಹೆಚ್ಚುತ್ತದೆ. ತುಟಿ ನೀಲಿಯಾಗಿ ಹಲ್ಲು ಕಟಕಟಿಸತೊಡಗಿದರೆ ಅಂದಿನ ಪಾಠ ಮುಗಿಯಿತೆಂದೇ ತಿಳಿಯಿರಿ.

ಯಾವ ಬಟ್ಟೆ, ಯಾವ ಅಳತೆ?

ನೈಲಾನ್ ಅಥವಾ ಪಾಲಿಯೆಸ್ಟರ್ ಜೊತೆಗೆ ಲೈಕ್ರಾ ಬೆರೆತ ಬಟ್ಟೆ ಈಜಿಗೆ ಸೂಕ್ತ. ಇವು ನೀರು ಹಿಡಿದಿಟ್ಟುಕೊಳ್ಳುವುದು ಕಡಿಮೆ, ಬೇಗ ಒಣಗುತ್ತವೆ. ಲೈಕ್ರಾ 1958ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ, ರಬ್ಬರಿನಂತೆ ಹಿಗ್ಗಿ ಕುಗ್ಗುವ ನೂಲು. ಕೊಳದ ನೀರಿಗೆ ಹಾಕುವ ಕ್ಲೋರಿನ್ ಈ ನೂಲನ್ನು ಕ್ರಮೇಣ ಸಡಿಲಗೊಳಿಸುತ್ತದೆ. ದಿನವೂ ಕೊಳಕ್ಕೆ ಹೋಗುವ ಮಗುವಿಗೆ ಪಾಲಿಯೆಸ್ಟರ್ ಹೆಚ್ಚಿರುವ ಉಡುಪು ಹೆಚ್ಚು ಕಾಲ ಬಾಳಿಕೆ ಬರುತ್ತದೆ.

ಈಜುಕೊಳಗಳಲ್ಲಿ ಹತ್ತಿ ಬಟ್ಟೆ ಬೇಡ, ತಲೆಗೆ ಟೋಪಿ ಬೇಕು ಎನ್ನುವುದು ಬರೀ ಶಿಸ್ತಿಗಾಗಿ ಅಲ್ಲ. ಹತ್ತಿಯ ಎಳೆ, ಉದುರಿದ ಕೂದಲು ನೀರು ಸೋಸುವ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತವೆ. ಬಟ್ಟೆಯಲ್ಲಿ ಉಳಿದ ಸಾಬೂನು, ಬೆವರು, ಕೊಳೆ ಸೇರಿ ಕ್ರಿಮಿ ಕೊಲ್ಲಬೇಕಾದ ಕ್ಲೋರಿನ್ನನ್ನು ವ್ಯರ್ಥಗೊಳಿಸುತ್ತವೆ.

ಅಳತೆಯಲ್ಲಿ ನಮ್ಮವರು ಒಂದು ತಪ್ಪು ಮಾಡುತ್ತಾರೆ. “ಬೆಳೆಯೋ ಹುಡುಗ, ಮುಂದಿನ ವರ್ಷಕ್ಕೂ ಬರ್ಲಿ” ಎಂದು ಒಂದೆರಡು ಅಳತೆ ದೊಡ್ಡದನ್ನು ತರುತ್ತಾರೆ. ಶಾಲೆಯ ಸಮವಸ್ತ್ರಕ್ಕೆ ಈ ಲೆಕ್ಕ ಸರಿ, ಈಜಿಗೆ ಅಲ್ಲ. ಮಗುವಿಗೆ ತೊಡಿಸಿ ಎರಡೂ ಕೈ ಮೇಲೆತ್ತಿಸಿರಿ, ಬಗ್ಗಿಸಿರಿ, ಕುಕ್ಕರುಗಾಲಿನಲ್ಲಿ ಕೂರಿಸಿರಿ. ಉಡುಪು ಮೇಲೆ ಸರಿಯಬಾರದು, ಕೆಳಗೆ ಜಾರಬಾರದು. ಭುಜದ ಪಟ್ಟಿಯ ಕೆಳಗೆ ಒಂದು ಬೆರಳು ಸುಲಭವಾಗಿ ಹೋಗಬೇಕು. ಕಳಚಿದ ಮೇಲೆ ತೊಡೆ, ಕಂಕುಳಗಳಲ್ಲಿ ಕೆಂಪು ಗೆರೆ ಮೂಡಿದ್ದರೆ ಅದು ಬಿಗಿಯಾಯಿತು ಎಂದರ್ಥ.

ಬಣ್ಣವೂ ಜೀವ ಉಳಿಸೀತು

ಬಣ್ಣವನ್ನು ಮಗುವಿನ ಇಷ್ಟಕ್ಕೇ ಬಿಡುವ ಹಾಗಿಲ್ಲ. ಕೊಳದ ತಳ ಸಾಮಾನ್ಯವಾಗಿ ತಿಳಿನೀಲಿ. ಅದೇ ಬಣ್ಣದ, ಇಲ್ಲವೇ ಬಿಳಿಯ ಉಡುಪು ತೊಟ್ಟ ಮಗು ನೀರಿನಡಿ ಇದ್ದರೆ ದಂಡೆಯಲ್ಲಿ ನಿಂತವರಿಗೆ ಕಾಣುವುದೇ ಇಲ್ಲ. ಕೆರೆ, ಹೊಳೆಗಳ ರಾಡಿ ನೀರಿನಲ್ಲಿ ಕಪ್ಪು, ಕಂದು, ಕಡುನೀಲಿ ಬೇಗ ಮರೆಯಾಗುತ್ತವೆ. ಕೆಂಪು ಕೂಡ ಸ್ವಲ್ಪ ಆಳಕ್ಕೆ ಹೋದೊಡನೆ ಮಂಕಾಗುತ್ತದೆ, ಏಕೆಂದರೆ ನೀರು ಬೆಳಕಿನಲ್ಲಿರುವ ಕೆಂಪನ್ನೇ ಮೊದಲು ಹೀರುತ್ತದೆ. ಕಣ್ಣು ಕುಕ್ಕುವ ಕಿತ್ತಳೆ ಅಥವಾ ಹಳದಿ ಉತ್ತಮ. ಉಡುಪು ಬೇರೆ ಬಣ್ಣದ್ದಿದ್ದರೆ ಟೋಪಿಯಾದರೂ ಈ ಬಣ್ಣದ್ದಿರಲಿ.

ಹೆಣ್ಣುಮಕ್ಕಳ ವಿಚಾರ

ನಮ್ಮ ಕಡೆ ಗಂಡುಹುಡುಗರು ಹೇಗೋ ಈಜು ಕಲಿಯುತ್ತಾರೆ. ಹೆಣ್ಣುಮಗುವಿಗೆ ಎಂಟು ಹತ್ತು ವರ್ಷವಾಯಿತೆಂದರೆ “ಅಂಥಾ ಅರಿವಿ ಹಾಕ್ಕೊಂಡು ಹೆಂಗ ಕಳಸೋದ್ರೀ?” ಎಂಬ ಸಂಕೋಚ ಅಡ್ಡಬರುತ್ತದೆ. ಆದರೆ ಕೆರೆಗೆ ಬಟ್ಟೆ ಒಗೆಯಲು ಹೋಗುವವರು, ಹೊಲದ ಬಾವಿಯಿಂದ ನೀರು ತರುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಈಜು ಅವರಿಗೂ ಅಷ್ಟೇ ಅವಶ್ಯ.

ಈ ಸಂಕೋಚಕ್ಕೆ ಪರಿಹಾರವಿದೆ. ಮಣಿಕಟ್ಟಿನಿಂದ ಹಿಮ್ಮಡಿಯವರೆಗೆ ಮುಚ್ಚುವ, ತಲೆಗೂ ಹೊದಿಕೆಯಿರುವ ಲೈಕ್ರಾ ಉಡುಪು ಪೇಟೆಯಲ್ಲಿ ಸಿಗುತ್ತದೆ. ಮೈಗೆ ಅಂಟಿದಂತಿದ್ದು ಹಗುರವಾಗಿರುವವರೆಗೆ ಇದರಿಂದ ಕಲಿಕೆಗೆ ತೊಡಕಿಲ್ಲ. ಬಿಸಿಲಿನಿಂದ ಚರ್ಮಕ್ಕೆ ರಕ್ಷಣೆಯೂ ಸಿಗುತ್ತದೆ. ಪರಕರ, ದುಪಟ್ಟಾ, ಸಡಿಲ ಚೂಡಿದಾರ ಮಾತ್ರ ಬೇಡ, ಅವು ಕಾಲಿಗೆ ಸುತ್ತಿಕೊಳ್ಳುತ್ತವೆ. ಬೆಂಗಳೂರಿನ ಬಾಲಕಿ ಧಿನಿಧಿ ದೇಸಿಂಗು 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತದ ಪರ ಈಜಿದಾಗ ಆಕೆಗೆ 14 ವರ್ಷ. ನಮ್ಮ ಮಕ್ಕಳು ಪದಕ ತರದಿದ್ದರೂ ಚಿಂತೆಯಿಲ್ಲ, ದಂಡೆ ಸೇರುವಷ್ಟು ಕಲಿತರೆ ಸಾಕು.

ಮುಟ್ಟಿನ ದಿನಗಳಲ್ಲಿ ಈಜಿದರೆ ದೇಹಕ್ಕೆ ಹಾನಿಯಿಲ್ಲ. ಆದರೆ ಸಾಮಾನ್ಯ ಪ್ಯಾಡು ನೀರು ಹೀರಿ ಉಪಯೋಗಕ್ಕೆ ಬಾರದಾಗುತ್ತದೆ. ಮುಜುಗರವೆನಿಸಿದರೆ ಆ ದಿನಗಳಲ್ಲಿ ಪಾಠ ಬಿಡಬಹುದು.

ದಾರ, ಒಡವೆ, ಡಬ್ಬಿ

ನೀರಿಗಿಳಿಯುವ ಮುನ್ನ ಕೊರಳ ತಾಯತ, ಸರ, ಕಾಲ್ಗೆಜ್ಜೆ, ಬಳೆ, ಸಡಿಲವಾದ ಉಡದಾರ ತೆಗೆದಿಡಿ. ಕೊಳದಲ್ಲಿ ನೀರು ಎಳೆಯುವ ಜಾಲರಿಗೆ, ಬಾವಿಯಲ್ಲಿ ಬೇರು, ಪಂಪಿನ ಪೈಪು, ಕಬ್ಬಿಣದ ಸಲಾಕೆಗಳಿಗೆ ಇವು ಸಿಕ್ಕಿಕೊಳ್ಳಬಹುದು. ಚಣ್ಣದ ಲಾಡಿಯನ್ನು ಒಳಗೆ ಸೇರಿಸಿ ಕಟ್ಟಿರಿ. ಉದ್ದ ಜಡೆಯನ್ನು ಮೇಲೆ ಸುತ್ತಿ ಟೋಪಿಯೊಳಗೆ ಸೇರಿಸಿರಿ.

ಬೆನ್ನಿಗೆ ಕಟ್ಟುವ ಡಬ್ಬಿ, ಒಣ ಸೋರೆಬುರುಡೆ, ಗಾಳಿ ತುಂಬಿದ ಟ್ಯೂಬು, ತೋಳುಪಟ್ಟಿ ಇವೆಲ್ಲ ಕಲಿಕೆಯ ಸಾಧನಗಳು ಮಾತ್ರ, ಜೀವರಕ್ಷಕಗಳಲ್ಲ. ಗಾಳಿ ಇಳಿಯಬಹುದು, ಗಂಟು ಬಿಚ್ಚಬಹುದು. ಸೊಂಟಕ್ಕೆ ಹಗ್ಗ ಕಟ್ಟುವುದಾದರೆ ಜಾರುಗಂಟು ಹಾಕಬೇಡಿ. ಯಾವ ಸಾಧನ ಇದ್ದರೂ ಈಜು ಬಲ್ಲ ಹಿರಿಯರೊಬ್ಬರು ಮಗುವಿನ ಕೈಯಳತೆಯಲ್ಲಿ ಇರಲೇಬೇಕು.

2014ರಿಂದ ಕೃಷಿಭಾಗ್ಯ ಯೋಜನೆಯಲ್ಲಿ ತೋಡಿದ ಕೃಷಿಹೊಂಡಗಳಲ್ಲಿ ಮಾತ್ರ ಮಕ್ಕಳನ್ನು ಇಳಿಸಲೇಬೇಡಿ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ದೊಡ್ಡವರೂ ಅದರ ಮೇಲೆ ಕಾಲೂರಿ ಹೊರಬರುವುದು ಕಷ್ಟ.

ಈಜಿನ ನಂತರ

ಒದ್ದೆ ಉಡುಪಿನಲ್ಲೇ ಬಸ್ಸು ಹತ್ತಿ ಮನೆಗೆ ಬರುವ ಮಕ್ಕಳಿಗೆ ತೊಡೆಸಂದಿಯಲ್ಲಿ ಉಜ್ಜಿ ಹುಣ್ಣಾಗುವುದು, ಹದಿಹರೆಯದವರಿಗೆ ಗಜಕರ್ಣ ಹತ್ತುವುದು, ಹೆಣ್ಣುಮಕ್ಕಳಿಗೆ ತುರಿಕೆ, ಮೂತ್ರ ಮಾಡುವಾಗ ಉರಿ ಬರುವುದು ಉಂಟು. ಈಜು ಮುಗಿದ ಕೂಡಲೇ ಶುದ್ಧ ನೀರಿನಲ್ಲಿ ಮೈತೊಳೆದು, ಸಂದುಗೊಂದು ಒರೆಸಿ, ಒಣ ಹತ್ತಿ ಬಟ್ಟೆ ತೊಡಿಸಿರಿ. ಈಗ ಹತ್ತಿಯೇ ಉತ್ತಮ. ಒಬ್ಬರ ಟಾವೆಲ್ಲು ಇನ್ನೊಬ್ಬರಿಗೆ ಬೇಡ. ಗಜಕರ್ಣಕ್ಕೆ ಅಂಗಡಿಯವರು ಕೊಟ್ಟ ಮುಲಾಮು ಹಚ್ಚಬೇಡಿ. ಅಂಥ ಎಷ್ಟೋ ಮುಲಾಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಮೊದಲು ತುರಿಕೆ ಇಳಿದಂತೆ ಕಂಡು, ಆಮೇಲೆ ರೋಗ ಹಬ್ಬುತ್ತದೆ. ಉಡುಪನ್ನು ತಣ್ಣೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸಿರಿ.

ಕೊನೆಯ ಪಾಠ

ಕೆರೆಗೆ ಕಾಲು ಜಾರಿ ಬೀಳುವ ಮಗು ಈಜುಡುಪು ತೊಟ್ಟಿರುವುದಿಲ್ಲ. ಆದ್ದರಿಂದ ನೆದರ್‌ಲ್ಯಾಂಡ್ಸ್ ದೇಶದಲ್ಲಿ ಮಕ್ಕಳು ಈಜಿನ ಮೊದಲ ಪ್ರಮಾಣಪತ್ರ ಪಡೆಯಲು ದಿನನಿತ್ಯದ ಬಟ್ಟೆಯಲ್ಲೂ ಈಜಿ ತೋರಿಸಬೇಕು. ನಿಮ್ಮ ಮಗು ಚೆನ್ನಾಗಿ ಕಲಿತ ಮೇಲೆ ಕಲಿಸುವವರನ್ನು ಕೇಳಿ, ಅವರ ಕಣ್ಣೆದುರಿನಲ್ಲೇ, ಎದೆಮಟ್ಟದ ನೀರಿನಲ್ಲಿ, ಒಗೆದ ಶಾಲೆಯ ಬಟ್ಟೆ ತೊಡಿಸಿ ಅಭ್ಯಾಸ ಮಾಡಿಸಿರಿ. ಬೆನ್ನ ಮೇಲೆ ತೇಲುವುದು, ದಂಡೆ ಹಿಡಿಯುವುದು, ಹೊರಗೆ ಬರುವುದು ಇಷ್ಟೇ ಸಾಕು.

ಹಾಗಾದರೆ ಮನೆಯ ಹಳೆಯ ಚಣ್ಣ ಸಾಕೇ? ಅದು ನೈಲಾನ್‌ನದಾಗಿದ್ದು, ಮೈಗೆ ಹೊಂದಿಕೊಂಡು, ಮೊಣಕಾಲ ಮೇಲೆ ನಿಲ್ಲುವಂತಿದ್ದರೆ ಬಾವಿ, ಕೆರೆಗಳಲ್ಲಿ ಕಲಿಯಲು ಸಾಕು. ಸಡಿಲವಾದ, ಲಾಡಿ ಜೋತಾಡುವ ಹತ್ತಿಯದಾಗಿದ್ದರೆ ಅದನ್ನು ಮನೆಯಲ್ಲೇ ಬಿಡಿ.