ಒಂದು ಸಿನಿಮಾಕ್ಕಾಗಿ ಊರನ್ನೇ ಕಟ್ಟಿಸಿದ ತಾತಿ

ಮಿಸ್ಟರ್ ಬೀನ್ ನೋಡಿ ನಗದವರು ನಮ್ಮ ಹಾಸ್ಟೆಲ್‌ನಲ್ಲಿ ಸಿಗೋದು ಕಷ್ಟ. ಬೀನ್ ಪಾತ್ರಧಾರಿ ರೋವನ್ ಅಟ್ಕಿನ್ಸನ್ ಮೇಲೆ ಪ್ರಭಾವ ಬೀರಿದ ಫ್ರೆಂಚ್ ನಿರ್ದೇಶಕ ಜಾಕ್ ತಾತಿ (1907–1982) ಹೆಸರು ಮಾತ್ರ ನಮ್ಮಲ್ಲಿ ಕೇಳಿದವರು ಕಡಿಮೆ.

ತಾತಿ ಶುರು ಮಾಡಿದ್ದು ರಂಗದ ಮೇಲೆ, ಟೆನಿಸ್ ಆಟಗಾರರನ್ನೂ ಗೋಲ್‌ಕೀಪರ್‌ಗಳನ್ನೂ ಮಾತಿಲ್ಲದೆ ಅಣಕಿಸುತ್ತಾ. 1947ರಲ್ಲಿ ತಮ್ಮ ಮೊದಲ ದೊಡ್ಡ ಚಿತ್ರ 'ಜೂರ್ ದ ಫೆತ್' ಅನ್ನು ಥಾಮ್ಸನ್‌ಕಲರ್ ಎಂಬ ಹೊಸ ಬಣ್ಣದ ತಂತ್ರದಲ್ಲಿ ತೆಗೆದರು. ಶೂಟಿಂಗ್ ಮುಗಿದ ಮೇಲೆ ನೋಡಿದರೆ ಅದರಿಂದ ಪ್ರಿಂಟ್ ತೆಗೆಯೋಕೇ ಆಗಲಿಲ್ಲ! ಪುಣ್ಯಕ್ಕೆ ಪಕ್ಕದಲ್ಲೇ ಕಪ್ಪು-ಬಿಳುಪಿನ ಇನ್ನೊಂದು ಕ್ಯಾಮೆರಾ ಓಡಿಸಿದ್ದರು. 1949ರಲ್ಲಿ ತೆರೆಕಂಡಿದ್ದು ಆ ಬ್ಯಾಕಪ್. ಬಣ್ಣದ್ದು ಹೊರಬರಲು 1995 ಆಗಬೇಕಾಯಿತು. ಅದರ ಹಿಂದೆ ನಿಂತವರು ಮಗಳು ಸೋಫಿ.

ಆಮೇಲೆ ಬಂದವನು ಉಲೋ: ಗಿಡ್ಡ ಪ್ಯಾಂಟು, ಪೈಪು, ಕೊಡೆ, ಮುಂದಕ್ಕೆ ಬಾಗಿದ ನಡಿಗೆ. ಉಲೋ ಪಾತ್ರದ 'ಮೋನ್ ಓಂಕ್ಲ್' (1958) ಆಸ್ಕರ್ ಗೆದ್ದಿತು. ಅದರಲ್ಲೊಂದು ಆಧುನಿಕ ಮನೆ. ಅಂಗಳದಲ್ಲಿ ಮೀನಿನ ಕಾರಂಜಿ. ಯಾರಾದರೂ ದೊಡ್ಡವರು ಬಂದರೆ ಆನ್, ಮನೆಯವರೇ ಆದರೆ ತಕ್ಷಣ ಆಫ್!

ಗೆದ್ದ ಧೈರ್ಯದಲ್ಲಿ ಕೈಹಾಕಿದ್ದು 'ಪ್ಲೇಟೈಮ್'ಗೆ. ಪ್ಯಾರಿಸ್ ಅಂಚಿನಲ್ಲಿ ಗಾಜು, ಉಕ್ಕು, ಕಾಂಕ್ರೀಟಿನ ಒಂದು ನಗರವನ್ನೇ ಕಟ್ಟಿಸಿದರು. ಅದಕ್ಕೆ ಸ್ವಂತ ವಿದ್ಯುತ್ ವ್ಯವಸ್ಥೆ, ರಸ್ತೆಗಳು, ಜಾಗ ಬದಲಿಸಬಹುದಾದ ಕಟ್ಟಡಗಳು. ಜನ ಅದನ್ನು 'ತಾತಿವಿಲ್' ಅಂದರು. ಬಿರುಗಾಳಿಗೆ ಸೆಟ್ಟು ಹಾಳಾಯ್ತು, ದುಡ್ಡು ಖಾಲಿಯಾಯ್ತು, ಶೂಟಿಂಗ್ ವರ್ಷಗಟ್ಟಲೆ ಎಳೀತು. ತಾತಿ ಸ್ವಂತ ಆಸ್ತಿ ಮೇಲೂ ಸಾಲ ಎತ್ತಿದರು. ಈ ಸಲ ಪಕ್ಕದಲ್ಲಿ ಎರಡನೇ ಕ್ಯಾಮೆರಾ ಇರಲಿಲ್ಲ ಅನ್ನಬಹುದು.

1967ರಲ್ಲಿ ಬಿಡುಗಡೆಯಾದ ಚಿತ್ರ ಹಾಕಿದ ಹಣ ತರಲಿಲ್ಲ. ಕಂಪನಿ ದಿವಾಳಿಯಾಯ್ತು, ಹಳೆಯ ಚಿತ್ರಗಳ ಹಕ್ಕೂ ಕೈತಪ್ಪಿತು. ಸೆಟ್ಟನ್ನಾದರೂ ಮುಂದಿನ ಸಿನಿಮಾದವರಿಗೆ ಉಳಿಸಿ ಅಂತ ಅವರ ಆಸೆ, ಕೆಡವಿಬಿಟ್ಟರು. ಆಮೇಲೆ ತಾತಿ ಮಾಡಿದ್ದು ಎರಡೇ ದೊಡ್ಡ ಚಿತ್ರ.

ಆದರೆ ಇವತ್ತು ಅವರ ಶ್ರೇಷ್ಠ ಚಿತ್ರ ಅಂತ ಹೆಚ್ಚಿನವರು ತೋರಿಸೋದು ಅದೇ 'ಪ್ಲೇಟೈಮ್' ಅನ್ನು. ನಮ್ಮ ವೋಟೂ ಅದಕ್ಕೇ. ರೆಸ್ಟೋರೆಂಟಿನ ಗಾಜಿನ ಬಾಗಿಲು ಒಡೆದು ಪುಡಿಯಾದ ಮೇಲೂ ಬಾಗಿಲಿನವನು ಬರೀ ಹಿಡಿಕೆ ಹಿಡ್ಕೊಂಡು, ಬಂದವರಿಗೆಲ್ಲ ಇಲ್ಲದ ಬಾಗಿಲನ್ನು ತೆರೀತಾನೆ, ಮುಚ್ಚುತ್ತಾನೆ. ಅವರೂ ಗಂಭೀರವಾಗಿ ಒಳಗೆ ಹೋಗ್ತಾರೆ! ದಯವಿಟ್ಟು ಮೊಬೈಲ್‌ನಲ್ಲಿ ನೋಡಬೇಡಿ. 70 ಎಂ.ಎಂ. ಪರದೆಗಂತ ತೆಗೆದದ್ದು, ಕ್ಲೋಸಪ್ ಇಲ್ಲ, ತಮಾಷೆ ಎಲ್ಲೋ ಮೂಲೆಯಲ್ಲಿ ನಡೀತಿರುತ್ತೆ. ಸೆಮಿನಾರ್ ಹಾಲ್ ಪ್ರೊಜೆಕ್ಟರ್ ಖಾಲಿ ಸಿಕ್ಕ ದಿನ ಒಟ್ಟಿಗೆ ಕೂತು ನೋಡೋಣ.