ಈ ಡೇರಿಯ ಯಜಮಾನರು ಯಾರು?



ಕಳೆದ ತಿಂಗಳು ನಮ್ಮ ಭಾಗದ ಒಂದು ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಪಟ್ಟಣದ ಕಾಲೇಜಿನಿಂದ ಹತ್ತು ಹನ್ನೆರಡು ವಿದ್ಯಾರ್ಥಿಗಳು ಬಂದಿದ್ದರು. ಹಳ್ಳಿಯ ಬದುಕನ್ನೂ ‘ಸಾಮಾಜಿಕ ಉದ್ಯಮ’ ಎಂಬುದನ್ನೂ ಕಣ್ಣಾರೆ ನೋಡಿ ಕಲಿಯುವುದು ಅವರ ಉದ್ದೇಶ. ಬೆಳಗ್ಗೆ ಹಾಲು ಹಾಕುವ ಹೊತ್ತು. ಒಂದು ಹಸುವಿನ ಚಿಕಿತ್ಸೆಗೆ ಹೋಗಿದ್ದ ನಾನೂ ಅಲ್ಲೇ ಇದ್ದೆ. ಒಬ್ಬ ಹುಡುಗಿ ಸಾಲಿನಲ್ಲಿ ನಿಂತಿದ್ದ ಅಕ್ಕಂದಿರನ್ನು ಕೇಳಿದಳು: “ಈ ಡೇರಿಯ ಓನರ್ ಯಾರು?”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಒಬ್ಬರು “ಸೆಕ್ರೆಟರಿ” ಎಂದರು. ಇನ್ನೊಬ್ಬರು “ಒಕ್ಕೂಟದವರು” ಎಂದರು. ಹಿಂದಿನಿಂದ “ಸರ್ಕಾರದ್ದಲ್ವಾ?” ಎಂಬ ಮಾತೂ ಬಂತು. “ನಾವು” ಎಂದವರು ಒಬ್ಬರೂ ಇಲ್ಲ. ಆಮೇಲೆ ಒಬ್ಬ ಹಿರಿಯ ಅಕ್ಕ ನನ್ನ ಹತ್ತಿರ ಬಂದು, “ಡಾಕ್ಟ್ರೇ, ಸಗಣಿ ಬಾಚೋ ನಮ್ಮ ಹತ್ರ ಕಾಲೇಜು ಮಕ್ಳು ಕಲಿಯೋದು ಏನೈತೆ?” ಎಂದು ನಕ್ಕರು. ಅವಸರದಲ್ಲಿದ್ದ ನಾನು ಅಂದು ಸರಿಯಾಗಿ ಉತ್ತರ ಕೊಡಲಿಲ್ಲ. ಇಲ್ಲಿ ಕೊಡುತ್ತೇನೆ.

ಸಾಮಾಜಿಕ ಉದ್ಯಮ ಎಂದರೇನು?

ಅಂಗಡಿ ಇಡುವವರು ತಮ್ಮ ಲಾಭಕ್ಕೆ ಇಡುತ್ತಾರೆ. ಅದರಲ್ಲಿ ತಪ್ಪಿಲ್ಲ. ದಾನಧರ್ಮ ಮಾಡುವವರು ಲಾಭ ನೋಡುವುದಿಲ್ಲ. ಆದರೆ ಕೊಡುವ ಕೈ ಬರಿದಾದ ದಿನ ಆ ಕೆಲಸ ನಿಲ್ಲುತ್ತದೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ವ್ಯಾಪಾರವನ್ನು ವ್ಯಾಪಾರದ ಹಾಗೆಯೇ, ಪೈಸೆ ಪೈಸೆ ಲೆಕ್ಕವಿಟ್ಟು ಮಾಡುವುದು; ಅದರಿಂದ ಊರಿನ ಒಂದು ಕಷ್ಟ ತೀರುವ ಹಾಗೆ ನೋಡಿಕೊಳ್ಳುವುದು. ಇದೇ ಸಾಮಾಜಿಕ ಉದ್ಯಮ.

ಇದಕ್ಕೆ ನಮ್ಮ ದೇಶದ ದೊಡ್ಡ ಉದಾಹರಣೆ ಹಾಲಿನಿಂದಲೇ ಬಂದಿದೆ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ರೈತರ ಹಾಲು ಮಧ್ಯವರ್ತಿಗಳ ಕೈ ದಾಟಿ ಒಂದು ಖಾಸಗಿ ಡೇರಿಗೆ, ಅಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ದರ ಹೇಳುವವರು ಕೊಳ್ಳುವವರೇ. ಸರ್ದಾರ್ ವಲ್ಲಭಭಾಯಿ ಪಟೇಲರ ಸಲಹೆಯಂತೆ, ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ರೈತರು ಹಾಲು ಹಾಕುವುದನ್ನೇ ನಿಲ್ಲಿಸಿದರು. 1946ರ ಡಿಸೆಂಬರ್‌ನಲ್ಲಿ ಅವರದೇ ಒಕ್ಕೂಟ ನೋಂದಣಿಯಾಯಿತು. 1949ರಲ್ಲಿ ಆಣಂದಕ್ಕೆ ಬಂದ ಡಾ. ವರ್ಗೀಸ್ ಕುರಿಯನ್ ಅವರು ಅದನ್ನು ಬೆಳೆಸಿದರು. ಅದೇ ಇಂದಿನ ಅಮುಲ್. ಆ ಮಾದರಿಯನ್ನು ದೇಶಕ್ಕೆ ಹಬ್ಬಿಸಲು 1965ರಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಹುಟ್ಟಿತು. 1970ರಲ್ಲಿ ಕ್ಷೀರಕ್ರಾಂತಿ ಯೋಜನೆ ಶುರುವಾಯಿತು. ನಮ್ಮ ಊರಿನ ಸಂಘ, ಜಿಲ್ಲೆಯ ಒಕ್ಕೂಟ, ರಾಜ್ಯದ ಮಹಾಮಂಡಳ ಎಂಬ ಮೂರು ಹಂತದ ವ್ಯವಸ್ಥೆ ಆ ಆಣಂದ್ ಮಾದರಿಯದ್ದೇ.

ಹಾಲೇ ಆಗಬೇಕೆಂದಿಲ್ಲ. 1959ರಲ್ಲಿ ಮುಂಬಯಿಯ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು ಮಹಡಿಯ ಮೇಲೆ ಹಪ್ಪಳ ಲಟ್ಟಿಸಲು ಕೂತರು. ಅದು ಲಿಜ್ಜತ್ ಪಾಪಡ್ ಆಗಿ ಬೆಳೆಯಿತು. ಅಲ್ಲಿ ಹಪ್ಪಳ ಮಾಡುವ ಹೆಂಗಸರೇ ಒಡತಿಯರು. ಲಾಭ ಬಂದರೂ ಅವರದು, ನಷ್ಟ ಬಂದರೂ ಅವರದು.

ನಿಮ್ಮ ಸಂಘದ ಹಣ ಎಲ್ಲಿಗೆ ಹೋಗುತ್ತದೆ?

ಒಂದು ಲೆಕ್ಕ ಹಾಕೋಣ. ನಿಮ್ಮ ಸಂಘಕ್ಕೆ ದಿನಕ್ಕೆ 400 ಲೀಟರ್ ಹಾಲು ಬರುತ್ತದೆ, ಖರ್ಚೆಲ್ಲ ಕಳೆದು ಲೀಟರಿಗೆ 1 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,46,000 ರೂಪಾಯಿ ಆಯಿತು. ಜೊತೆಗೆ ಸ್ಯಾಂಪಲ್ ಹಾಲು, ಸ್ಥಳೀಯ ಮಾರಾಟ ಮತ್ತು ಪಶು ಆಹಾರ ಮಾರಾಟದಿಂದ ಬಂದದ್ದೂ ಸಂಘದ್ದೇ.

ಮನೆ ಬಾಗಿಲಿಗೆ ಬಂದು ಕೊಳ್ಳುವ ಖಾಸಗಿಯವರಾದರೆ ಆ 1 ರೂಪಾಯಿ ಅವರ ಜೇಬಿಗೆ. ಸಂಘದಲ್ಲಿ ಅದರ ಒಂದು ಭಾಗ ಆಪತ್ತಿಗೆಂದು ಕಾಯ್ದಿಟ್ಟ ನಿಧಿಗೆ ಸೇರುತ್ತದೆ, ಒಂದು ಭಾಗ ಬೋನಸ್ ಆಗಿ ನಿಮಗೆ ಬರುತ್ತದೆ. ಬೋನಸ್ ಹಂಚುವುದು ಹಾಕಿದ ಹಾಲಿನ ಲೆಕ್ಕದಲ್ಲಿ. ಓಟು ಮಾತ್ರ ಒಬ್ಬರಿಗೆ ಒಂದೇ. ಹತ್ತು ಹಸು ಕಟ್ಟಿದವರಿಗೂ ಒಂದು, ಒಂದೇ ಹಸು ಸಾಕಿದ ವಿಧವೆ ತಾಯಿಗೂ ಒಂದು.

ಒಡತಿಯಾದರೆ ಹೊಣೆಯೂ ಉಂಟು

ಇನ್ನೊಂದು ಸಂಘದ ವಿಷಯ ಹೇಳುತ್ತೇನೆ. ಒಬ್ಬ ಅಕ್ಕನ ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಆಂಟಿಬಯೋಟಿಕ್ ಕೊಟ್ಟು, ಇಂತಿಷ್ಟು ದಿನ ಈ ಹಸುವಿನ ಹಾಲನ್ನು ಡೇರಿಗೆ ಹಾಕಬೇಡಿ ಎಂದು ಹೇಳಿ ಬಂದೆ. ಮರುದಿನ ಬೆಳಗ್ಗೆ ಅವರು ಡೇರಿಯ ಸಾಲಿನಲ್ಲಿ ನಿಂತಿದ್ದರು. ಎಲ್ಲರೆದುರು ನಾನು ಗದರಿದೆ. ಅವರು ತಲೆ ತಗ್ಗಿಸಿ, “ಬಟವಾಡೆ ಕಮ್ಮಿಯಾದ್ರೆ ಹಿಂಡಿ ಎಲ್ಲಿಂದ ತರ್ಲಿ ಡಾಕ್ಟ್ರೇ?” ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಹಾಗೆ ಎಲ್ಲರೆದುರು ಗದರಿದ್ದು ತಪ್ಪು ಎಂದು ಈಗಲೂ ಅನಿಸುತ್ತದೆ.

ನಾನು ಹೇಳಿದ ಮಾತೇನೋ ಸರಿಯೇ ಇತ್ತು. ಔಷಧಿಯ ಅಂಶ ಹಾಲಿನಲ್ಲಿ ಇಳಿಯುತ್ತದೆ. ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗುವುದಿಲ್ಲ. ಒಂದು ಮನೆಯ ತಂಬಿಗೆ ಹಾಲು ನಲವತ್ತು ಮನೆಯ ಹಾಲನ್ನು ಕೆಡಿಸುತ್ತದೆ. ಕ್ಷೀರಭಾಗ್ಯದಲ್ಲಿ ಶಾಲೆಯ ಮಕ್ಕಳು ಕುಡಿಯುವುದೂ ನಿಮ್ಮ ಸಂಘಗಳ ಹಾಲಿನಿಂದ ಆದ ಪುಡಿಯನ್ನೇ.

ಆದರೆ ನನ್ನ ಗದರಿಕೆಯಿಂದ ಆಗದ ಕೆಲಸವನ್ನು ಆ ಸಂಘದ ಆಡಳಿತ ಮಂಡಳಿಯ ಹೆಂಗಸರು ಮಾಡಿದರು. ಮುಂದಿನ ಸಭೆಯಲ್ಲಿ ಎರಡು ತೀರ್ಮಾನ ಬರೆದರು. ಚಿಕಿತ್ಸೆಯಲ್ಲಿರುವ ಹಸುವಿನ ಹಾಲನ್ನು ಯಾರೂ ಹಾಕಬಾರದು. ಹಾಗೆ ಹಾಲು ನಿಲ್ಲಿಸಿದವರಿಗೆ ಒಂದು ಮೂಟೆ ಪಶು ಆಹಾರ ಸಾಲವಾಗಿ ಕೊಟ್ಟು, ಹಸು ಸುಧಾರಿಸಿದ ಮೇಲೆ ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಿಡಿದುಕೊಳ್ಳಬೇಕು. ಈಗ ಅಲ್ಲಿ ಹಸುವಿಗೆ ಔಷಧಿ ಕೊಟ್ಟ ಕೂಡಲೇ ಅಕ್ಕಂದಿರೇ ಬಂದು ಸಂಘಕ್ಕೆ ಹೇಳುತ್ತಾರೆ.

ಕಾಲೇಜು ಮಕ್ಕಳು ನಿಮ್ಮಿಂದ ಕಲಿಯಬೇಕಾದದ್ದು ಇದನ್ನೇ. ನಿಯಮ ಮಾಡುವುದು ಸುಲಭ. ಆ ನಿಯಮ ಪಾಲಿಸಲು ಬಡವರಿಗೆ ಏನು ಅಡ್ಡ ಬರುತ್ತದೆ ಎಂದು ತಿಳಿದಿರುವುದು ಅದೇ ಊರಿನ, ಅದೇ ಕಷ್ಟ ಕಂಡವರಿಗೆ.

ನೀವು ಮಾಡಬೇಕಾದದ್ದು

ಒಂದು: ಸಂಘದ ಷೇರು ಯಾರ ಹೆಸರಿನಲ್ಲಿದೆ, ಬಟವಾಡೆಯೂ ಸರ್ಕಾರದ ಪ್ರೋತ್ಸಾಹಧನವೂ ಯಾರ ಬ್ಯಾಂಕ್ ಖಾತೆಗೆ ಬರುತ್ತಿವೆ ಎಂದು ಈ ವಾರವೇ ನೋಡಿ. ಹಾಲು ಕರೆಯುವವರು ನೀವು, ಖಾತೆ ಇನ್ನೊಬ್ಬರದು ಎಂದಾಗಬಾರದು.

ಎರಡು: ಹಾಲು ಹಾಕಿದಾಗ ಲೀಟರ್, ಜಿಡ್ಡು, ಎಸ್‌ಎನ್‌ಎಫ್ ಮೂರನ್ನೂ ಚೀಟಿಯಲ್ಲಿ ನೋಡಿ. ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿ. ಜಿಡ್ಡು ಇದ್ದಕ್ಕಿದ್ದಂತೆ ಇಳಿದರೆ ಮೊದಲು ಪರೀಕ್ಷಕರನ್ನು ಕೇಳಿ, ಆಮೇಲೆ ಮೇವಿನ ಬಗ್ಗೆ ನನ್ನನ್ನು ಕೇಳಿ.

ಮೂರು: ಸಭೆಯ ಪುಸ್ತಕಕ್ಕೆ ಮನೆಯಲ್ಲಿ ಕೂತು ಸಹಿ ಹಾಕಬೇಡಿ. ವಾರ್ಷಿಕ ಮಹಾಸಭೆಗೆ ನೀವೇ ಹೋಗಿ. ಓಟಿನ ಹಕ್ಕು ಉಳಿಯಬೇಕಾದರೆ ಬೈಲಾದಲ್ಲಿ ಹೇಳಿದಷ್ಟು ಹಾಲು ಹಾಕಿರಬೇಕು, ಸಭೆಗಳಿಗೂ ಬಂದಿರಬೇಕು. ಈ ವರ್ಷ ಎಷ್ಟು ಉಳಿಯಿತು, ಬೋನಸ್ ಎಷ್ಟು, ಆಡಿಟ್‌ನವರು ಏನು ಬರೆದಿದ್ದಾರೆ ಎಂದು ಕೇಳಿ. ಕೇಳಿದರೆ ಜಗಳ ಎಂದಲ್ಲ. ಮನೆಯ ಲೆಕ್ಕ ಕೇಳುವುದು ಮನೆಯೊಡತಿಯ ಕೆಲಸ.

ಆ ವಿದ್ಯಾರ್ಥಿಗಳು ಮುಂದಿನ ವರ್ಷವೂ ಬರುತ್ತೇವೆ ಎಂದು ಹೇಳಿ ಹೋಗಿದ್ದಾರೆ. ನಿಮ್ಮ ಸಂಘಕ್ಕೂ ಬರಬಹುದು. ಓನರ್ ಯಾರು ಎಂದು ಮತ್ತೆ ಕೇಳಿದರೆ ಸೆಕ್ರೆಟರಿಯ ಮುಖ ನೋಡಬೇಡಿ. “ನಾವೇ” ಎಂದು ಹೇಳಿ, ಒಳಗೆ ಕರೆದುಕೊಂಡು ಹೋಗಿ ಲೆಕ್ಕದ ಪುಸ್ತಕ ತೋರಿಸಿ.

ಪಶು ವೈದ್ಯಾಧಿಕಾರಿ