ಬೂಷ್ಟು ಹಿಡಿದ ದ್ರಾಕ್ಷಿಯ ಬೆಲೆ

ಮಲೆನಾಡಿನ ಅಡಕೆ ಬೆಳೆಗಾರರ ಮನೆಗಳಿಂದ ಬಂದು ಮಹಾನಗರಗಳಲ್ಲಿ ನೆಲೆಸಿದವರಿಗೆ ‘ಬೋರ್ಡೋ’ ಎಂಬ ಹೆಸರು ಹೊಸದಲ್ಲ. ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಬೆರೆಸಿ ಅಡಕೆಯ ಗೊನೆಗಳಿಗೆ ಸಿಂಪಡಿಸುವ ಆ ನೀಲಿ ದ್ರಾವಣವು ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯಂಚಿನ ದ್ರಾಕ್ಷಿಬಳ್ಳಿಗಳಿಗೆ ಅಲ್ಲಿನ ರೈತರು ಎರಚುತ್ತಿದ್ದ ಮಿಶ್ರಣವು ಎಲೆಯ ರೋಗವನ್ನೂ ತಡೆಯುತ್ತದೆಂಬುದನ್ನು ಬೋರ್ಡೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಿಲಾರ್ದೆ ಕಂಡುಕೊಂಡು 1885ರಲ್ಲಿ ಪ್ರಕಟಿಸಿದರು. ಮುಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಅದನ್ನು ಅಡಕೆಯ ಕೊಳೆರೋಗಕ್ಕೆ ಮದ್ದಾಗಿ ಬಳಕೆಗೆ ತಂದರು.

ವಿಚಿತ್ರವೆಂದರೆ, ಕೊಳೆಯನ್ನು ಓಡಿಸುವ ಮದ್ದನ್ನು ಜಗತ್ತಿಗೆ ಕೊಟ್ಟ ಅದೇ ಪ್ರಾಂತದ ಒಂದು ಮೂಲೆಯಲ್ಲಿ ಹಣ್ಣಿಗೆ ಕೊಳೆ ತಗಲಲೆಂದು ಕಾದು ಕುಳಿತಿರುವ ತೋಟಗಳಿವೆ. ಬೋರ್ಡೋ ನಗರದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ಈ ಸೀಮೆಗೆ ಸೋತೆರ್ನ್ ಎಂದು ಹೆಸರು. ಅಲ್ಲಿಯ ತೋಟಗಳಲ್ಲೆಲ್ಲ ಅಗ್ರಸ್ಥಾನ ‘ಷಾಟೋ ದಿಕೆಮ್’ ಎಂಬ ಎಸ್ಟೇಟಿನದು. 1855ರ ಪ್ಯಾರಿಸ್ ಮಹಾಪ್ರದರ್ಶನಕ್ಕಾಗಿ ಬೋರ್ಡೋದ ದಲ್ಲಾಳಿಗಳು ಮಾರುಕಟ್ಟೆಯ ದರಗಳನ್ನು ಆಧರಿಸಿ ಪ್ರಾಂತದ ಮದ್ಯಗಳನ್ನು ದರ್ಜೆಗಳಾಗಿ ವಿಂಗಡಿಸಿದಾಗ, ಮೊದಲ ದರ್ಜೆಗಿಂತಲೂ ಮೇಲಿನ ಪ್ರತ್ಯೇಕ ಸ್ಥಾನವನ್ನು ಪಡೆದದ್ದು ಇದೊಂದೇ.

ಈ ಹಿರಿಮೆಗೆ ಮೊದಲ ಕಾರಣ ನೆಲ. ದಿಕೆಮ್ ಇರುವುದು ಸೀಮೆಯಲ್ಲೇ ಎತ್ತರವಾದ ಗುಡ್ಡದ ಮೇಲೆ. ಎತ್ತರವೆಂದರೆ ನಮ್ಮ ಕಣ್ಣಿಗೆ ದಿಬ್ಬವೇ ಸರಿ; ನೂರು ಮೀಟರೂ ಇಲ್ಲ. ಅಲ್ಲಿ ಮೇಲ್ಪದರದಲ್ಲಿ ನುಣುಪಾದ ಹರಳುಕಲ್ಲು ಬೆರೆತ ಗರಸು ಮಣ್ಣಿದೆ. ಹಗಲಿನ ಬಿಸಿಲನ್ನು ಹೀರಿ ಕಾವನ್ನು ಹಿಡಿದಿಡುವ ಈ ಕಲ್ಲುಗಳಿಂದಾಗಿ ಹಣ್ಣು ಬೇಗನೆ ಚೆನ್ನಾಗಿ ಮಾಗುತ್ತದೆ. ಮಾಗುವ ಮುನ್ನವೇ ಬೂಷ್ಟು ಹಿಡಿದ ಕಾಯಿಯಿಂದ ಏನೂ ಪ್ರಯೋಜನವಿಲ್ಲದ ಕಾರಣ, ಇದು ಸಣ್ಣ ಸಂಗತಿಯಲ್ಲ. ಗರಸಿನ ಕೆಳಗೆ ದಪ್ಪನಾದ ಜೇಡಿಮಣ್ಣಿನ ಪದರವಿದೆ. ಬೇಸಗೆಯಲ್ಲಿ ಬಳ್ಳಿಯ ಬೇರಿಗೆ ತೇವವನ್ನು ಉಳಿಸಿಕೊಡುವುದು ಈ ಜೇಡಿ. ಆದರೆ ಮಳೆ ಹೆಚ್ಚಾದರೆ ಇದೇ ಜೇಡಿ ನೀರನ್ನು ಬಿಟ್ಟುಕೊಡದೆ ಬೇರುಗಳನ್ನು ಮುಳುಗಿಸುತ್ತದೆ. ಆದುದರಿಂದ 19ನೆಯ ಶತಮಾನದಲ್ಲಿ ತೋಟದ ಮಾಲೀಕರು ನೆಲದಡಿಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳ ಬಸಿಗಾಲುವೆಗಳನ್ನು ಹೂಳಿಸಿದರು. ಸುಮಾರು ನೂರು ಹೆಕ್ಟೇರು ತೋಟದ ಕೆಳಗೆ ಇಂತಹ ಕೊಳವೆಗಳು ಒಟ್ಟು ಸುಮಾರು 100 ಕಿಲೋಮೀಟರ್ ಉದ್ದ ಹಬ್ಬಿವೆ. ಪ್ರಕೃತಿಯ ಕೊಡುಗೆ ಎಂದು ಹೊಗಳಲ್ಪಡುವ ಮಣ್ಣಿನಲ್ಲಿಯೂ ಮನುಷ್ಯನ ಬಂಡವಾಳ ಎಷ್ಟು ಆಳದಲ್ಲಿ ಹೂಡಲ್ಪಟ್ಟಿದೆಯೆಂಬುದಕ್ಕೆ ಇದೊಂದು ನಿದರ್ಶನ.

ಎರಡನೆಯ ಕಾರಣ ಮಂಜು. ಪೈನ್ ಕಾಡಿನ ನೆರಳಿನಲ್ಲಿ ಹರಿದುಬರುವ ಸಿರೋನ್ ಎಂಬ ಸಣ್ಣ ಹೊಳೆಯ ನೀರು ಬಹಳ ತಣ್ಣಗಿರುತ್ತದೆ. ಅದು ಸೇರುವ ಗಾರೋನ್ ನದಿಯ ನೀರು ಬೆಚ್ಚಗಿನದು. ಶರತ್ಕಾಲದ ರಾತ್ರಿಗಳಲ್ಲಿ ಈ ಎರಡರ ಸಂಗಮದಿಂದೆದ್ದ ಮಂಜು ಗುಡ್ಡಗಳನ್ನು ಮುಸುಕಿ, ಬೆಳಗ್ಗೆ ಬಿಸಿಲೇರಿದ ಬಳಿಕ ಕರಗುತ್ತದೆ. ಈ ತೇವದಲ್ಲಿ ಬೊಟ್ರೈಟಿಸ್ ಎಂಬ ಬೂಷ್ಟು ಬೆಳೆದು ದ್ರಾಕ್ಷಿಯ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳನ್ನು ಕೊರೆಯುತ್ತದೆ. ಮಧ್ಯಾಹ್ನದ ಬಿಸಿಲು ಮತ್ತು ಒಣಗಾಳಿಗೆ ಹಣ್ಣಿನೊಳಗಿನ ನೀರು ಆ ರಂಧ್ರಗಳ ಮೂಲಕ ಆರಿಹೋಗಿ ಸಕ್ಕರೆಯೂ ಪರಿಮಳವೂ ಗಟ್ಟಿಯಾಗುತ್ತವೆ. ಹೊಂಬಣ್ಣದ ಹಣ್ಣು ಕಂದಾಗಿ, ಕೊನೆಗೆ ಬೂದಿ ಮೆತ್ತಿದ ಒಣದ್ರಾಕ್ಷಿಯಂತಾಗುತ್ತದೆ. ಫ್ರೆಂಚರು ಇದನ್ನು ‘ಕುಲೀನ ಕೊಳೆ’ ಎನ್ನುತ್ತಾರೆ. ಬಿಸಿಲು ಬಾರದೆ ಮಳೆಯೇ ಜಡಿದರೆ ಅದೇ ಬೂಷ್ಟು ಕುಲಗೆಟ್ಟು, ಗೊಂಚಲನ್ನೆಲ್ಲ ಕೊಳೆಸಿ ಹಾಳುಮಾಡುತ್ತದೆ. ಇವೆರಡರ ನಡುವೆ ಇರುವುದು ಕೆಲವೇ ದಿನಗಳ ಹವಾಮಾನ.

ಒಂದೇ ಗೊಂಚಲಿನಲ್ಲಿಯೂ ಎಲ್ಲ ಹಣ್ಣುಗಳಿಗೆ ಬೂಷ್ಟು ಏಕಕಾಲದಲ್ಲಿ ಹಿಡಿಯುವುದಿಲ್ಲ. ಆದ್ದರಿಂದ ಕೊಯ್ಲಿನವರು ಸಣ್ಣ ಕತ್ತರಿ ಹಿಡಿದು, ಹದಕ್ಕೆ ಬಂದ ಹಣ್ಣುಗಳನ್ನು ಮಾತ್ರ ಬಿಡಿಸಿ, ಉಳಿದವನ್ನು ಬಳ್ಳಿಯಲ್ಲೇ ಬಿಟ್ಟು ಮುಂದೆ ಸಾಗುತ್ತಾರೆ. ಕೆಲವು ದಿನಗಳ ಅನಂತರ ಮತ್ತೆ ಅದೇ ಸಾಲಿಗೆ ಬರುತ್ತಾರೆ. ಹೀಗೆ ಐದಾರು ಸಲ, ಕೆಲವು ವರ್ಷಗಳಲ್ಲಿ ಅದಕ್ಕಿಂತಲೂ ಹೆಚ್ಚು ಸಲ, ವಾರಗಟ್ಟಲೆ ಕೊಯ್ಲು ನಡೆಯುತ್ತದೆ. ಮಳೆ ಬಂದ ದಿನ ಕೆಲಸವಿಲ್ಲ. ಆದರೆ ಬಿಸಿಲು ಬಿದ್ದ ಕೂಡಲೇ ಆಳುಗಳು ಸಿದ್ಧರಿರಬೇಕು. ಯಾವ ಯಂತ್ರವೂ ಈ ಆಯ್ಕೆಯನ್ನು ಮಾಡಲಾರದು. ಪರಿಣಾಮವಾಗಿ ಹೆಕ್ಟೇರಿಗೆ ಸಿಗುವ ಮದ್ಯ ಸರಾಸರಿ 900 ಲೀಟರಿನಷ್ಟು ಮಾತ್ರ. ಬೋರ್ಡೋದ ಕೆಂಪು ಮದ್ಯದ ತೋಟಗಳಲ್ಲಿ ಇದರ ನಾಲ್ಕೈದು ಪಟ್ಟು ಸಿಗುತ್ತದೆ. ಒಂದು ಬಳ್ಳಿಗೆ ಒಂದೇ ಲೋಟ ಎಂಬ ಮಾತು ಹುಟ್ಟಿದ್ದು ಹೀಗೆ.

ಇಲ್ಲಿ ಬೆಳೆಯುವುದು ಎರಡು ಬಿಳಿ ತಳಿಗಳನ್ನು. ತೆಳು ಸಿಪ್ಪೆಯ ಸೆಮಿಯೋನ್ ಬೂಷ್ಟಿಗೆ ಸುಲಭವಾಗಿ ಒಲಿಯುವುದರಿಂದ ಅದರದೇ ದೊಡ್ಡ ಪಾಲು; ಉಳಿದದ್ದು ಸೋವಿನ್ಯೋನ್. ಸುಕ್ಕುಗಟ್ಟಿದ ಹಣ್ಣನ್ನು ಒಂದಕ್ಕಿಂತ ಹೆಚ್ಚು ಬಾರಿ ಹಿಂಡಬೇಕು. ಸಾಧಾರಣ ಮದ್ಯ ತಯಾರಿಕೆಯಲ್ಲಿ ಮೊದಲ ಹಿಂಡಿನ ರಸವೇ ಉತ್ತಮವಾದರೆ, ಇಲ್ಲಿ ಕೊನೆಯ ಹಿಂಡಿನ ರಸವೇ ಅತ್ಯಂತ ಸಿಹಿ. ಆ ರಸ ಓಕ್ ಮರದ ಹೊಸ ಪೀಪಾಯಿಗಳಲ್ಲಿ ಹುದುಗುತ್ತದೆ. ಮದ್ಯಸಾರ ಶೇಕಡ 14ರ ಸುಮಾರಿಗೆ ಏರಿದಾಗ ಯೀಸ್ಟ್ ತಾನೇ ಸೋತು ನಿಲ್ಲುತ್ತದೆ. ಕರಗದೆ ಉಳಿದ ಸಕ್ಕರೆಯೇ ಮದ್ಯದ ಸಿಹಿಯಾಗುತ್ತದೆ. ಹೊರಗಿನಿಂದ ಸಕ್ಕರೆ ಸೇರಿಸುವುದಿಲ್ಲ. ಹಿಂದೆ ಮೂರು ವರ್ಷಕ್ಕೂ ಮೇಲ್ಪಟ್ಟು ಪೀಪಾಯಿಯಲ್ಲೇ ಇರಿಸುತ್ತಿದ್ದರು. ಈಚಿನ ದಶಕಗಳಲ್ಲಿ ಈ ಅವಧಿಯನ್ನು ಕಡಿಮೆ ಮಾಡಲಾಗಿದೆ. ಮರದ ಮೂಲಕ ಆವಿಯಾಗುವ ಭಾಗವನ್ನು ಆಗಾಗ ಅದೇ ಮದ್ಯದಿಂದ ತುಂಬಿಸುತ್ತಿರಬೇಕು. ಅಂದರೆ ಕೊಯ್ದು ತಂದ ಅಲ್ಪ ಬೆಳೆಯಲ್ಲೂ ಗಾಳಿಗೊಂದು ಪಾಲು.

ಇಂತಹ ಉದ್ಯಮವನ್ನು ನಡೆಸಲು ರಸಿಕತೆಗಿಂತ ಧೈರ್ಯ ಹೆಚ್ಚು ಬೇಕು. ಜೋಸೆಫೀನ್ ಎಂಬಾಕೆ ಈ ತೋಟವನ್ನು ಹೊಂದಿದ್ದ ಸೋವಾಜ್ ಮನೆತನದ ಮಗಳು. 1785ರಲ್ಲಿ ಲ್ಯೂರ್-ಸಾಲ್ಯೂಸ್ ಮನೆತನಕ್ಕೆ ಸೊಸೆಯಾಗಿ ಹೋದ ಆಕೆ 1788ರಲ್ಲಿ ವಿಧವೆಯಾದಳು. ಮರುವರ್ಷವೇ ಫ್ರಾನ್ಸಿನಲ್ಲಿ ಮಹಾಕ್ರಾಂತಿ. ಅದರ ನಡುವೆಯೂ ತೋಟವನ್ನು ಕೈಬಿಡದೆ, 1851ರಲ್ಲಿ ತೀರಿಕೊಳ್ಳುವವರೆಗೂ ಆಕೆ ಅದರ ಹೊಣೆ ಹೊತ್ತಳು. ದಿಕೆಮಿನ ಕೀರ್ತಿಗೆ ಭದ್ರ ಬುನಾದಿ ಬಿದ್ದದ್ದು ಆಕೆಯ ಕಾಲದಲ್ಲಿ. ಆಕೆಯ ವಂಶಜರು 20ನೆಯ ಶತಮಾನದ ಕೊನೆಯವರೆಗೂ ತೋಟವನ್ನು ನಡೆಸಿದರು. ಮನೆಯವರಲ್ಲೇ ಒಡಕು ಮೂಡಿ, 1999ರ ವೇಳೆಗೆ ಅದು ಎಲ್‌ವಿಎಂಎಚ್ ಎಂಬ ದೊಡ್ಡ ಕಂಪನಿಯ ಅಧೀನವಾಯಿತು.

ಲೆಕ್ಕಪತ್ರ ಬಲ್ಲವರನ್ನು ಬೆರಗುಗೊಳಿಸುವ ಸಂಗತಿ ಇನ್ನೊಂದಿದೆ. ಬೂಷ್ಟು ಕೈಕೊಟ್ಟ ವರ್ಷ ಈ ತೋಟವು ತನ್ನ ಹೆಸರಿನಲ್ಲಿ ಒಂದು ಸೀಸೆಯನ್ನೂ ಮಾರುವುದಿಲ್ಲ. 1930, 1951, 1952, 1964, 1972, 1974, 1992 – ಇಷ್ಟು ವರ್ಷಗಳ ದಿಕೆಮ್ ಮದ್ಯ ಜಗತ್ತಿನಲ್ಲಿಲ್ಲ. ಬಳ್ಳಿ ಸವರಿದ ಕೂಲಿ, ಕೊಯ್ಲಿನ ಕೂಲಿ, ಪೀಪಾಯಿಯ ಹಣ ಎಲ್ಲವೂ ಖರ್ಚಿನ ಬದಿಗೆ ಬಿದ್ದಿರುತ್ತವೆ. ತಿರಸ್ಕೃತ ಮದ್ಯ ಹೆಸರಿಲ್ಲದೆ ಸಗಟು ವ್ಯಾಪಾರಿಗಳಿಗೆ ಅಲ್ಪ ಬೆಲೆಗೆ ಹೋಗುತ್ತದೆ. ವಾಣಿಜ್ಯಶಾಸ್ತ್ರದಲ್ಲಿ ‘ಗುಡ್‌ವಿಲ್’ ಎನಿಸಿಕೊಳ್ಳುವ, ಕೈಗೆ ಸಿಗದ ಆಸ್ತಿಯನ್ನು ಹೀಗೆ ರೊಕ್ಕ ತೆತ್ತು ಕಾಪಾಡಿಕೊಂಡವರು ವಿರಳ.

ಇಷ್ಟು ವರ್ಣನೆಯಿಂದ ಇದೊಂದು ಟಾನಿಕ್ ಎಂದು ಯಾರೂ ಭಾವಿಸಬಾರದು. ಈ ಮದ್ಯದ ಒಂದು ಲೀಟರಿನಲ್ಲಿ 120ರಿಂದ 150 ಗ್ರಾಂ ಸಕ್ಕರೆ ಇರುತ್ತದೆ. ನೂರು ಮಿಲಿಲೀಟರಿನ ಚಿಕ್ಕ ಲೋಟದಲ್ಲೇ ಸುಮಾರು ಮೂರು ಟೀ ಚಮಚದಷ್ಟು. ಸಿಹಿಮೂತ್ರದವರಿಗೆ ಸಕ್ಕರೆಯೂ ಮದ್ಯಸಾರವೂ ಕೂಡಿದ ಎರಡು ಪಟ್ಟು ತೊಂದರೆ. ಮದ್ಯಪಾನವು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ಘೋಷಿಸಿದೆ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ತಿಳಿಸಿತು. ಬೆಲೆ ಎಷ್ಟೇ ಇರಲಿ, ಯಕೃತ್ತು ಸೀಸೆಯ ಮೇಲಿನ ಚೀಟಿಯನ್ನು ಓದುವುದಿಲ್ಲ.

2012ರಲ್ಲಿ ಮತ್ತೆ ಪರೀಕ್ಷೆ ಬಂದಿತು. ಕೊಯ್ಲಿನ ಕಾಲಕ್ಕೆ ಮಳೆ ಹಿಡಿದು ಹಣ್ಣು ಹದಕ್ಕೆ ಬರಲಿಲ್ಲ. ತೋಟವೀಗ ಮನೆತನದ ಕೈಯಲ್ಲಿರಲಿಲ್ಲ. ಲಾಭವನ್ನು ಅಪೇಕ್ಷಿಸುವ ಷೇರುದಾರರ ಕಂಪನಿಯದಾಗಿತ್ತು. ಹಳೆಯ ಪದ್ಧತಿ ಉಳಿದೀತೇ ಎಂಬ ಶಂಕೆಗೆ ಅದೇ ಡಿಸೆಂಬರಿನಲ್ಲಿ ಉತ್ತರ ದೊರೆಯಿತು: ಆ ವರ್ಷದ ಮದ್ಯಕ್ಕೆ ದಿಕೆಮ್ ಹೆಸರಿಲ್ಲವೆಂದು ಎಸ್ಟೇಟು ಪ್ರಕಟಿಸಿತು. ಮರುವರ್ಷದ ಶರತ್ಕಾಲದಲ್ಲಿ ಬೂಷ್ಟು ಚೆನ್ನಾಗಿ ಹರಡಿತು. 2013ರ ಸೀಸೆಗಳ ಮೇಲೆ ಮತ್ತೆ ಆ ಹೆಸರು ಬಂದಿತು.